ಗುರುತಿಲ್ಲದ ಪ್ರತಿಗಳು

ಅವರು ಪುಸ್ತಕ ತೆರೆಯುವುದನ್ನು ಒಮ್ಮೆ ನೋಡಿದವರು ಮರೆಯುವ ಹಾಗಿರಲಿಲ್ಲ. ಬೇಡದ ನೆಂಟರು ಬಂದಾಗ ಬಾಗಿಲನ್ನು ಎಷ್ಟು ಸರಿಸುತ್ತೇವೋ ಅಷ್ಟೇ ತೆರೆದು, ಬೆನ್ನು ಎಲ್ಲಿ ಬಿರಿದೀತೋ ಎಂಬ ಆತಂಕದಿಂದ ಎರಡೂ ಅಂಗೈಗಳನ್ನು ಕೆಳಗೆ ಆಸರೆಯಾಗಿ ಕೊಟ್ಟು, ತಲೆಯನ್ನು ಓರೆ ಮಾಡಿ, ಒಂದು ಕಣ್ಣನ್ನು ಕಿರಿದುಗೊಳಿಸಿ ಆ ಸಂದಿಯೊಳಗೆ ಇಣುಕುತ್ತಿದ್ದರು. ಅವರಿಗೆ ನೋಡಬೇಕಾಗಿದ್ದಾದರೂ ಎಷ್ಟು? ಶೀರ್ಷಿಕೆಯ ಪುಟ, ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಪ್ರಕಟವಾದ ವರ್ಷ, ಅದರ ಕೆಳಗೆ ಮರುಮುದ್ರಣದ ಸಾಲು ಇಲ್ಲವೆಂಬ ಖಾತರಿ, ಆಮೇಲೆ ಹೊರಹೊದಿಕೆಯ ಒಳಮಡಿಕೆಯಲ್ಲಿ ಬೆಲೆ ಅಚ್ಚಾದ ಮೂಲೆಯನ್ನು ಯಾರೂ ಕತ್ತರಿಸಿಲ್ಲವೆಂಬ ಸಮಾಧಾನ. ಇಷ್ಟಾದರೆ ಮುಗಿಯಿತು. ಕಥೆ ಶುರುವಾಗುವ ಪುಟದ ಹೊಸ್ತಿಲವರೆಗೆ ಹೋಗಿ ಅವರು ಹಿಂದಿರುಗಿಬಿಡುತ್ತಿದ್ದರು.

ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುವುದು ಅವರ ವೃತ್ತಿ. ಊರಿನ ನೆಲದಡಿಯಲ್ಲಿ ಯಾವ ಕೊಳವೆ ಎಲ್ಲಿ ತಿರುಗುತ್ತದೆ, ಯಾವುದು ಎಲ್ಲಿ ಕವಲೊಡೆಯುತ್ತದೆ ಎಂಬುದೆಲ್ಲ ಅವರ ಬೆರಳ ತುದಿಯಲ್ಲಿತ್ತು. ನಮ್ಮ ಕಟ್ಟಡದ ಮಂದಿ, ಎದುರುಮನೆಯವನಾದ ನಾನೂ ಸೇರಿದಂತೆ, ಅವರನ್ನು ನಕ್ಷೆಯವರು ಎಂದೇ ಕರೆಯುತ್ತಿದ್ದೆವು. ಆದರೆ ಗೆರೆ ಎಳೆಯುವುದಕ್ಕಿಂತ ಅಳಿಸುವುದರಲ್ಲಿ ಅವರದು ಎತ್ತಿದ ಕೈ. ಬೇರೆಯವರು ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಕೆರೆದು ಕಾಗದಕ್ಕೆ ಗಾಯ ಮಾಡಿದರೆ, ಇವರು ರಬ್ಬರನ್ನು ಬೆರಳುಗಳ ಶಾಖಕ್ಕೆ ಹಿಡಿದು ಮೆತ್ತಗಾಗಿಸಿ, ಉಸಿರು ಬಿಗಿಹಿಡಿದು, ಒಂದೇ ದಿಕ್ಕಿಗೆ ಸವರಿ ಸವರಿ, ಅಲ್ಲೊಂದು ಗೆರೆ ಇತ್ತೆಂದು ಆ ಕಾಗದವೇ ಆಣೆಯಿಟ್ಟು ಹೇಳಿದರೂ ಯಾರೂ ನಂಬದಂತೆ ಮಾಡಿಬಿಡುತ್ತಿದ್ದರು. ಅವರು ಅಳಿಸಿದ್ದು ದೇವರ ಕಣ್ಣಿಗೂ ಬೀಳುವುದಿಲ್ಲ ಎಂದು ಮೇಲಧಿಕಾರಿಯೊಬ್ಬರು ಹೊಗಳಿದ್ದರಂತೆ. ಈ ಮಾತನ್ನು ಅವರು ಕಾಫಿ ಕುಡಿಯುವಾಗಲೆಲ್ಲ ನನಗೆ ಹೇಳುತ್ತಿದ್ದರು.

ನಡಿಗೆಯೂ ಅವರದೇ ಒಂದು ತರಹ. ಬಣ್ಣ ಹಚ್ಚಿದ ಗೋಡೆಗಳ ನಡುವೆ ಹಾದು ಹೋಗುವವರಂತೆ ತೋಳುಗಳನ್ನು ಮೈಗೆ ಅಂಟಿಸಿಕೊಂಡು, ಬೆರಳುಗಳನ್ನು ಮಾತ್ರ ಗಾಳಿಯಲ್ಲಿ ಬಿಡಿಸಿ ಹಿಡಿದು, ಯಾರನ್ನೂ ಯಾವುದನ್ನೂ ಮುಟ್ಟದೆ ನಡೆಯುತ್ತಿದ್ದರು. ಯಾರಾದರೂ ಕೈಕುಲುಕಲು ಬಂದರೆ ನಮಸ್ಕಾರ ಮಾಡಿ ತಪ್ಪಿಸಿಕೊಳ್ಳುತ್ತಿದ್ದರು. ಬೆವರು ಕಾಗದದ ಶತ್ರು ಎಂಬುದು ಅವರ ವಾದ. ಬೂದುಬಣ್ಣದ ಒಂದೇ ಕೋಟು ಬೇಸಿಗೆ ಚಳಿಯೆನ್ನದೆ ಮೈಮೇಲಿರುತ್ತಿತ್ತು. ಅದರ ಒಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು, ಆ ಕಾಲದ ಕಾದಂಬರಿಯ ಅಳತೆಗೆ ಸರಿಯಾಗಿ ಮೆತ್ತನೆಯ ಬಟ್ಟೆಯ ಜೇಬುಗಳಿದ್ದವು. ಅವನ್ನು ಹೊಲಿದುಕೊಟ್ಟವರು ಅವರ ಹೆಂಡತಿ.

ಆ ಕಾಲ ಎಂದರೆ ಯಾವುದು? ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿನಿಂದ ಹಿಡಿದು ಮುಂದಿನ ಹದಿನೈದು ಇಪ್ಪತ್ತು ವರ್ಷ. ಬ್ರಿಟಿಷ್ ಕಾದಂಬರಿಗಳು ಮಾತ್ರ. ಅದರಲ್ಲೂ ಮೊದಲ ಮುದ್ರಣ ಮಾತ್ರ. ಕಾಗದಕ್ಕೆ ಬರ ಬಂದ ದಿನಗಳಲ್ಲಿ ಅಚ್ಚಾದ ಆ ತೆಳು ಪುಟಗಳು, ಮಾಸಲು ಹಸಿರು, ಇಟ್ಟಿಗೆ ಕೆಂಪು, ಹಳದಿ ಹೊದಿಕೆಗಳು, ಅವುಗಳ ಮೇಲೆ ಛತ್ರಿ ಹಿಡಿದು ಬೆನ್ನು ತೋರಿಸಿ ನಿಂತ ಹೆಂಗಸರು. ಇವನ್ನು ಅರಸುತ್ತ ಅವರು ಹಳೆಯ ಪುಸ್ತಕದಂಗಡಿಗಳ ಏಣಿ ಹತ್ತಿದ್ದಾರೆ, ರದ್ದಿಯವನ ಗೋದಾಮಿನಲ್ಲಿ ಇಲಿಗಳ ಜೊತೆ ಕುಳಿತಿದ್ದಾರೆ. ಓದುತ್ತೀರಾ ಎಂದು ನಾನೊಮ್ಮೆ ಕೇಳಿದ್ದಕ್ಕೆ ಅವರಿಗೆ ನನ್ನ ಬುದ್ಧಿಮಟ್ಟದ ಬಗ್ಗೆ ಕನಿಕರವೇ ಹುಟ್ಟಿತು.

"ಓದೋಕೇನ್ರೀ, ಅಗ್ಗದ ಪ್ರತಿ ಎಲ್ಲಾ ಕಡೆ ಸಿಗುತ್ತೆ. ಇದು ಓದೋದಲ್ಲ, ಉಳಿಸೋದು."

ಅಗ್ಗದ ಪ್ರತಿಗಳನ್ನಾದರೂ ಓದಿದ್ದರೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮನೆಯಲ್ಲಿದ್ದುದು ಎರಡೇ ಕೋಣೆ. ಕಿಟಕಿಯಿದ್ದ ದೊಡ್ಡ ಕೋಣೆಯನ್ನು ಪುಸ್ತಕಗಳಿಗೆ ಬಿಟ್ಟುಕೊಟ್ಟು, ಆ ಕಿಟಕಿಗೆ ದಪ್ಪ ಪರದೆ ಬಿಗಿದು ಬೆಳಕಿಗೆ ಬಹಿಷ್ಕಾರ ಹಾಕಿದ್ದರು. ಅಡುಗೆಮನೆಗೆ ಅಂಟಿದ ಸಣ್ಣ ಕೋಣೆಯಲ್ಲಿ ಗಂಡಹೆಂಡಿರ ಸಂಸಾರ. ಒಗ್ಗರಣೆಯ ಹೊಗೆ ಪುಸ್ತಕದ ಕಡೆ ಸುಳಿಯಬಾರದೆಂದು ಅಡುಗೆಮನೆಯ ಬಾಗಿಲಿನ ಅಂಚಿಗೆ ಕಂಬಳಿಯ ಪಟ್ಟಿ ಹೊಡೆಸಿದ್ದರು. ಹೊಗೆಯೆಲ್ಲ ಒಳಗಿದ್ದವಳ ಕಣ್ಣಿಗೆ. ಆಕೆ ಕೆಮ್ಮುತ್ತಿದ್ದುದು ನಮ್ಮ ಮನೆಗೂ ಕೇಳಿಸುತ್ತಿತ್ತು, ಮಾತು ಮಾತ್ರ ಕೇಳಿಸುತ್ತಿರಲಿಲ್ಲ. ಮಕ್ಕಳಿಲ್ಲದ ಮನೆ, ಊಟವಾಯಿತೇ, ಆಯಿತು, ಬೀಗ ಹಾಕಿದೆಯಾ, ಹಾಕಿದೆ, ಇಷ್ಟರಲ್ಲಿ ದಿನ ಸಾಗುತ್ತಿತ್ತು. ಹಾಗೆಂದು ಅವರು ಕೆಟ್ಟ ಗಂಡನೇ? ಎಂದೂ ಗದರಿದವರಲ್ಲ, ಕೈಯೆತ್ತಿದವರಲ್ಲ, ಹೆಂಡತಿಗೆ ಜ್ವರ ಬಂದರೆ ತಾವೇ ಗಂಜಿ ಕಾಯಿಸುತ್ತಿದ್ದರು. ಗಾಜಿನ ಬೀರುವಿನಲ್ಲಿ ಪುಸ್ತಕಗಳು ಇರುವಂತೆ ಆಕೆ ಮನೆಯಲ್ಲಿ ಇದ್ದರು, ಮತ್ತು ಇದ್ದಾರೆ ಎಂಬುದೇ ಅವರಿಗೆ ಸಾಕಾಗಿತ್ತು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಆದರೆ ನಡೆದದ್ದು ಹಾಗೇ.

ಬೀರುಗಳಿಗೆಲ್ಲ ಬೀಗ, ಕೀಲಿ ಕೋಟಿನೊಳಗೆ. ಬೀಗವಿಲ್ಲದೆ ಇದ್ದದ್ದು ಒಂದೇ ಕಪಾಟು. ಮುದಿ ವಕೀಲರೊಬ್ಬರು ತೀರಿಕೊಂಡು ಅವರ ಮನೆಯನ್ನು ಕೆಡವುವಾಗ, ಅವರ ಇಡೀ ಸಂಗ್ರಹವನ್ನು ನಕ್ಷೆಯವರು ಒಂದೇ ಸಲಕ್ಕೆ ಕೊಂಡು ಕೈಗಾಡಿಯಲ್ಲಿ ಹೇರಿಸಿಕೊಂಡು ಬಂದರು. ಗಾಡಿಯ ಪಕ್ಕದಲ್ಲಿ, ಹಳ್ಳ ಬಂದಾಗಲೆಲ್ಲ ನಿಲ್ಲಿಸಲು ಹೇಳುತ್ತ, ಹೆರಿಗೆಗೆ ಹೊರಟವಳ ಜೊತೆ ನಡೆಯುವವರಂತೆ ನಡೆದುಬಂದದ್ದನ್ನು ನಾನೇ ಕಂಡಿದ್ದೇನೆ. ಎಲ್ಲದರ ಮೊದಲ ಪುಟಗಳನ್ನು ಪರೀಕ್ಷಿಸಿ ತೆರೆದ ಕಪಾಟಿನಲ್ಲಿ ಜೋಡಿಸಿದರು. ಒಳಪುಟಗಳನ್ನು ಒಂದೊಂದಾಗಿ ತಿರುವಿ, ಕಲೆ ಗುರುತು ಏನಿದ್ದರೂ ತೆಗೆದು, ಚೊಕ್ಕ ಮಾಡಿ, ಆಮೇಲೆ ಬೀರುವಿಗೆ ಸೇರಿಸುವುದು ನಿವೃತ್ತಿಯಾದ ಮೇಲೆ ಎಂದುಕೊಂಡರು. ವರ್ಷಗಳು ಕಳೆದವು. ಅವರು ಕಚೇರಿಗೆ ಹೋದ ಮೇಲೆ ಮಧ್ಯಾಹ್ನಗಳಲ್ಲಿ ಆ ಮನೆಯಲ್ಲಿ ಏನು ನಡೆಯುತ್ತಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬೇಕಾದವರು ಕೇಳಲೂ ಇಲ್ಲ.

ನಿವೃತ್ತಿಗೆ ಸ್ವಲ್ಪ ದಿನ ಇರುವಾಗ ಆಕೆಗೆ ಪಾರ್ಶ್ವವಾಯು ಬಡಿಯಿತು. ಬಲಭಾಗ ಪೂರ್ತಿ ಹೋಯಿತು, ಅದರ ಜೊತೆ ಮಾತೂ ಹೋಯಿತು. ಮಾತು ನಾಲಗೆಯಿಂದಷ್ಟೇ ಅಲ್ಲ, ಕೈಯಿಂದಲೂ ಹೋಗಿದೆ, ಬರೆದು ತೋರಿಸಲೂ ಆಗುವುದಿಲ್ಲ, ಆದರೆ ಹೇಳಿದ್ದೆಲ್ಲ ತಿಳಿಯುತ್ತದೆ ಎಂದು ಡಾಕ್ಟರು ಹೇಳಿದರು. ನಕ್ಷೆಯವರು ದೊಡ್ಡ ಕೋಣೆಯ ಪರದೆ ಕಿತ್ತು, ಆಕೆಯ ಮಂಚವನ್ನು ಕಿಟಕಿಯ ಹತ್ತಿರ ಹಾಕಿಸಿದರು. ಬೆಳಕಿನ ಬಗ್ಗೆ ಅವರು ಸೋತದ್ದು ಅದೊಂದೇ ಸಲ. ಶುಶ್ರೂಷೆಯಲ್ಲಿ ಒಂದು ಕುಂದೂ ಇರಲಿಲ್ಲ. ಮಗ್ಗುಲು ಬದಲಿಸುವುದು, ಚಮಚದಿಂದ ಉಣಿಸುವುದು, ಬಾಯಿ ಒರೆಸುವುದು ಎಲ್ಲವೂ ಅಂಗೈಗಳನ್ನು ಕೆಳಗೆ ಆಸರೆಯಾಗಿ ಕೊಟ್ಟೇ. ಹಗಲು ಬರುತ್ತಿದ್ದ ನರ್ಸಮ್ಮ, ಇಂಥ ಗಂಡ ಎಲ್ಲರಿಗೂ ಸಿಗುವುದಿಲ್ಲ ಎನ್ನುತ್ತಿದ್ದಳು. ಆದರೆ ಅವರಿಗೆ ಒಂದು ಹಸಿವು ಹಿಡಿದಿತ್ತು. ಇದ್ದ ಕಾಲದಲ್ಲಿ ಕೇಳದೆ ಬಿಟ್ಟ ಧ್ವನಿ ಈಗ ಬೇಕಾಗಿತ್ತು. ಮೆಟ್ಟಿಲಲ್ಲಿ ಸಿಕ್ಕಾಗ ಹೇಳಿದರು:

"ಬೈದ್ರೂ ಪರವಾಗಿಲ್ಲ ಕಣ್ರೀ. ಅವಳ ಮನಸ್ಸಲ್ಲಿ ಏನಿದೆ ಅಂತ ಒಂದ್ಮಾತು ಗೊತ್ತಾದ್ರೆ ಸಾಕು."

ನಿವೃತ್ತಿಯಾದ ಮೇಲೆ ಮಂಚದ ಪಕ್ಕದಲ್ಲಿ ಕೂತು ಕಾಲ ಕಳೆಯಲು ಅವರು ವಕೀಲರ ಕಪಾಟನ್ನು ಕೈಗೆತ್ತಿಕೊಂಡರು. ತೊಡೆಯ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಪುಸ್ತಕ, ಕೈಯಲ್ಲಿ ಮೆತ್ತನೆಯ ರಬ್ಬರು, ಪುಡಿ ಹೊಡೆಯಲು ಸಣ್ಣ ಕುಂಚ. ಒಳಪುಟಗಳ ಅಂಚಿನಲ್ಲಿ ಪೆನ್ಸಿಲಿನ ಬರಹವಿತ್ತು. ಪುಸ್ತಕ ಪುಸ್ತಕದಲ್ಲೂ ಇತ್ತು. ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ, ಒತ್ತದೆ ಬರೆದ ಟಿಪ್ಪಣಿಗಳು. ಮೊದಮೊದಲು ಅವರು ವಕೀಲರನ್ನು ಮನಸಾರೆ ಶಪಿಸಿದರು. ಹೊದಿಕೆಗೆ ಒಂದು ಗೀರಿಲ್ಲದ, ಬೆನ್ನು ಬಿರಿಯದ ಪ್ರತಿಗಳು. ಇಷ್ಟು ಜೋಪಾನವಾಗಿ ಪುಸ್ತಕ ಹಿಡಿಯಲು ಬಲ್ಲ ಮನುಷ್ಯನಿಗೆ ಗೀಚುವ ಚಟ ಯಾಕೆ ಬಂತೋ ಎಂದು ಬೈದುಕೊಂಡರು. ಪೆನ್ಸಿಲ್ ಮಾತ್ರ ಮೆತ್ತನೆಯದು, ತಾವು ನಕ್ಷೆಗೆ ಬಳಸುವಂಥದ್ದೇ, ಹಾಗಾಗಿ ಕಾಗದದಲ್ಲಿ ತಗ್ಗು ಬಿದ್ದಿಲ್ಲ, ಬಚಾವಾದೆ ಎಂದರು. ಪ್ರತಿದಿನವೂ ಅಳಿಸಿದರು. ಅಳಿಸುವ ಮುಂಚೆ ಹೆಂಡತಿಗೆ ಓದಿ ಹೇಳುತ್ತಿದ್ದರು, ಆಕೆಗೂ ಹೊತ್ತು ಹೋಗಲಿ ಎಂದು. ನರ್ಸಮ್ಮನಿಗೆ ಇಂಗ್ಲಿಷ್ ಬಾರದು, ಅವಳಿಗಾಗಿ ಅರ್ಥ ಬಿಡಿಸಿ ಹೇಳುತ್ತಿದ್ದರು.

ಒಂದು ಕಾದಂಬರಿಯಲ್ಲಿ ನಾಯಕಿ ಕೋಪದಲ್ಲಿ ಮನೆ ಬಿಟ್ಟು ಹೊರಟುಹೋಗುತ್ತಾಳಂತೆ. ಅದರ ಪಕ್ಕದಲ್ಲಿ, ಒಲೆ ಆರಿಸಿ ಹೋದಳೋ ಇಲ್ಲವೋ, ಬರೆದ ಗಂಡಸಿಗೆ ಆ ಯೋಚನೆಯೇ ಇಲ್ಲ, ಎಂದು ಬರೆದಿತ್ತು. ನಕ್ಷೆಯವರು ಬಿದ್ದುಬಿದ್ದು ನಕ್ಕರು. ಇದು ವಕೀಲರ ಕೈಯಲ್ಲ, ವಕೀಲರ ಹೆಂಡತಿಯದೇ ಇರಬೇಕು ಎಂದು ಅಂದಿನಿಂದ ತೀರ್ಮಾನವಾಯಿತು. ಆ ಅಪರಿಚಿತ ಹೆಂಗಸು ಅವರಿಗೆ ದಿನೇ ದಿನೇ ಇಷ್ಟವಾಗತೊಡಗಿದಳು. ಎಂಥ ಚುರುಕು, ಎಂಥ ಕೊಂಕು ಎಂದು ನನ್ನ ಹತ್ತಿರವೂ ಹೊಗಳಿದರು. ಹೊಗಳುತ್ತ, ಕಡಲೆ ಸುಲಿಯುವಂತೆ, ಒಂದೊಂದೇ ಮಾತನ್ನು ಅಳಿಸುತ್ತ ಹೋದರು. ಮಂಚದ ಮೇಲಿದ್ದಾಕೆ ಗಂಟಲಿನಲ್ಲಿ ಏನೋ ಸದ್ದು ಮಾಡುತ್ತಿದ್ದರು, ಎಡಗೈ ಎತ್ತುತ್ತಿದ್ದರು. ಅವರು ಥಟ್ಟನೆ ರಬ್ಬರು ಕೆಳಗಿಟ್ಟು, ಕೈ ಒರೆಸಿಕೊಂಡು, ನೀರು ಕುಡಿಸುತ್ತಿದ್ದರು. ಆಕೆ ಕುಡಿಯುತ್ತಿದ್ದರು. ಬೇರೇನು ಮಾಡಲು ಸಾಧ್ಯವಿತ್ತು?

ಒಂದು ಸಂಜೆ ನಾನೂ ಅಲ್ಲಿದ್ದೆ. ಗಂಡಹೆಂಡಿರು ಎದುರುಬದುರು ಕೂತು ಒಂದೂ ಮಾತಿಲ್ಲದೆ ಊಟ ಮುಗಿಸುವ ಪುಟವೊಂದು ಬಂತು. ಅಂಚಿನಲ್ಲಿ ಇಂಗ್ಲಿಷಿನಲ್ಲಿ ಎರಡೇ ಪದ: ನಮ್ಮ ಮನೆ. ನಕ್ಷೆಯವರು ಅದನ್ನು ಗಟ್ಟಿಯಾಗಿ ಓದಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ನೋಡೇ, ಪಾಪ. ಗಂಡನ ಹತ್ರ ಹೇಳ್ಕೊಳ್ಳೋಕಾಗದೆ ಪುಸ್ತಕದ ಹತ್ರ ಹೇಳ್ಕೊಂಡಿದಾಳೆ. ಆ ವಕೀಲ ಎಂಥೋನೋ ಏನೋ."

ಆಕೆಯ ಮುಖದಲ್ಲಿ ಎಡಭಾಗ ಮಾತ್ರ ಅಲುಗಿತು. ತುಟಿ ಒಂದು ಕಡೆಗೆ ಎಳೆದುಕೊಂಡಿತು, ಕಣ್ಣಲ್ಲಿ ನೀರು ತುಂಬಿತು. ಅದು ಅಳುವೋ, ನಗುವೋ, ರೋಗವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವರು ಕಣ್ಣೊರೆಸಿದರು; ಪುಸ್ತಕಕ್ಕೆ ಮರಳಿ, ಬೆರಳಲ್ಲಿ ರಬ್ಬರನ್ನು ಬಿಸಿ ಮಾಡಿಕೊಂಡು, ಆ ಎರಡು ಪದಗಳನ್ನೂ ತೆಗೆದರು.

ಕಪಾಟು ಮುಗಿದು ಕೆಲವೇ ವಾರಕ್ಕೆ ಆಕೆ ತೀರಿಕೊಂಡರು. ಒಂದ್ಮಾತೂ ಹೇಳದೆ ಹೋದಳು, ಒಂದ್ಮಾತೂ ಹೇಳದೆ ಹೋದಳು ಎಂದು ಬಂದವರೆದುರೆಲ್ಲ ಅದನ್ನೇ ಹೇಳಿಕೊಂಡು ಅವರು ಅತ್ತರು. ದೂರದೂರಿನಿಂದ ಆಕೆಯ ತಂಗಿ ಬಂದಿದ್ದರು. ಹೊರಡುವ ದಿನ, ಒಡವೆ ಬೇಡ, ಬಟ್ಟೆ ಬೇಡ, ಅಕ್ಕ ಬರೆದಿರುವ ಪುಸ್ತಕ ಒಂದನ್ನು ಕೊಟ್ಟರೆ ಸಾಕು ಎಂದು ಕೇಳಿದರು. ನಕ್ಷೆಯವರಿಗೆ ಅರ್ಥವಾಗಲಿಲ್ಲ. ಅವಳೆಲ್ಲಿ ಪುಸ್ತಕ ಬರೆದಳು ಎಂದರು. ಬೀಳ್ಕೊಡಲು ಬಂದಿದ್ದ ನಾನು ಬಾಗಿಲಲ್ಲೇ ನಿಂತಿದ್ದೆ. ತಂಗಿ ಉತ್ತರ ಹೇಳುತ್ತಿದ್ದಂತೆ, ಕೋಟಿನ ಗುಂಡಿ ಹಾಕುತ್ತಿದ್ದ ನಕ್ಷೆಯವರ ಬೆರಳು ಹಾಗೇ ನಿಂತಿದ್ದು ನೆನಪಿದೆ.

"ಪುಸ್ತಕ ಬರೆಯೋದಲ್ಲ ಭಾವ, ಪುಸ್ತಕದ ಅಂಚಲ್ಲಿ. ನಿಮ್ಮ ಪೆನ್ಸಿಲಲ್ಲೇ ಬರೀತಿದ್ಲಲ್ಲ, ನೀವು ಆಫೀಸಿಗೆ ಹೋದ್ಮೇಲೆ. ರಿಟೈರಾದ್ಮೇಲೆ ಅವರೇ ಒಂದೊಂದು ಪುಟ ತಿರುವ್ತಾರೆ, ಆಗ ಓದ್ಕೋತಾರೆ, ಎದುರಿಗೆ ನಿಂತು ಹೇಳೋ ಕಷ್ಟ ಇಲ್ಲ ಅಂತಿದ್ಲು. ಬೇಡ ಅನಿಸಿದ್ರೆ ಅಳಿಸ್ಕೊಳ್ಲಿ, ಅದಕ್ಕೇ ಒತ್ತಿ ಬರೆಯೋಲ್ಲ ಅಂತ ನಗ್ತಿದ್ಲು. ನಿಮಗೆ ಸಿಗ್ಲಿಲ್ವಾ?"

ಆಕೆ ಕಾಲೇಜು ಮೆಟ್ಟಿಲು ಹತ್ತಿದ್ದವರು. ಹುಡುಗಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂದು ಮದುವೆಯ ಮಾತುಕತೆಯಲ್ಲಿ ಹಿರಿಯರು ಹೇಳಿದ್ದರಂತೆ. ಅವರು ಅದನ್ನು ಹುಡುಗಿಗೆ ಹಾಡು ಬರುತ್ತದೆ ಎನ್ನುತ್ತಾರಲ್ಲ, ಆ ಸಾಲಿಗೆ ಸೇರಿಸಿ ಮರೆತುಬಿಟ್ಟಿದ್ದರು. ಆಕೆ ಬರೆಯುತ್ತಿದ್ದ ಸಾಮಾನಿನ ಚೀಟಿಯಾಗಲಿ, ಬಾಗಿಲಿಗೆ ಸಿಕ್ಕಿಸಿ ಹೋಗುತ್ತಿದ್ದ ಸೂಚನೆಯಾಗಲಿ, ಎಲ್ಲವೂ ಮನೆಮಾತಿನಲ್ಲಿ ಇರುತ್ತಿದ್ದವು. ಹೆಂಡತಿಯ ಇಂಗ್ಲಿಷ್ ಅಕ್ಷರ ಹೇಗಿರುತ್ತದೆಂದು ಅವರು ಇಷ್ಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಕಂಡಾಗ, ಸತ್ತ ವಕೀಲರ ಹೆಂಡತಿಯದೆಂದುಕೊಂಡರು.

ಅವರು ಬೀರುವಿನ ಬೀಗ ತೆಗೆದರು. ಒಂದು ಪುಸ್ತಕ ತೆಗೆದು ತಂಗಿಯ ಕೈಗಿಟ್ಟರು. ಆಕೆ ಅದನ್ನು ನಿಂತಲ್ಲೇ ಹಿಂದುಮುಂದು ತಿರುವಿ, ಇದರಲ್ಲಿ ಇಲ್ಲವಲ್ಲ ಎಂದರು. ಇನ್ನೊಂದು ಕೊಟ್ಟರು. ಅದರಲ್ಲೂ ಇರಲಿಲ್ಲ. ತಂಗಿ ಮೂರನೆಯದನ್ನು ತಾವಾಗಿಯೇ ತೆಗೆದುಕೊಂಡು ನೋಡಿ, ಭಾವನ ಮುಖ ನೋಡಿ, ಕೆಳಗಿಟ್ಟು ಹೊರಟುಹೋದರು. ಮತ್ತೆ ಆ ಮನೆಗೆ ಆಕೆ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ಕಿಟಕಿಯ ಹತ್ತಿರ ಅವರು ಪುಟಗಳನ್ನು ಬೆಳಕಿಗೆ ಅಡ್ಡಲಾಗಿ, ಓರೆಯಾಗಿ, ಕಣ್ಣಿಗೆ ಅಂಟಿಸಿ ಹಿಡಿದು ನೋಡುವುದು ನಮ್ಮ ಮನೆಗೆ ಕಾಣುತ್ತಿತ್ತು. ಗಟ್ಟಿ ಪೆನ್ಸಿಲಿನಲ್ಲಿ ಬರೆದಿದ್ದರೆ, ಅಳಿಸಿದ ಮೇಲೂ ಕಾಗದದಲ್ಲಿ ಅಕ್ಷರದ ತಗ್ಗು ಉಳಿಯುತ್ತದೆ, ಓರೆ ಬೆಳಕಿನಲ್ಲಿ ಓದಬಹುದು. ಆಕೆ ಗಂಡನ ಪುಸ್ತಕಕ್ಕೆ ನೋವಾಗದಂತೆ ಬರೆದಿದ್ದರು, ಗಂಡ ಬರಹದ ನೆರಳೂ ಉಳಿಯದಂತೆ ಅಳಿಸಿದ್ದರು. ಇಬ್ಬರ ಜಾಣತನವೂ ಸೇರಿ ಆ ಪುಟಗಳು ಅಚ್ಚಾಗಿ ಬಂದ ದಿನದಷ್ಟೇ ಬಿಳುಪಾಗಿದ್ದವು. ಸಂಗ್ರಾಹಕರ ಲೆಕ್ಕದಲ್ಲಿ ಅವು ಈಗ ಅತ್ಯುತ್ತಮ ದರ್ಜೆಯ ಪ್ರತಿಗಳು.

ಕಾಗದ ಬಾಯಿ ಬಿಡದಿದ್ದಾಗ ಅವರು ಮನುಷ್ಯರನ್ನು ಕೇಳುತ್ತ ಹೊರಟರು. ನರ್ಸಮ್ಮ ಬೇರೆ ಮನೆಯ ಕೆಲಸಕ್ಕೆ ಸೇರಿದ್ದಳು. ವಿಳಾಸ ಹುಡುಕಿಕೊಂಡು ಹೋಗಿ, ನಾನು ದಿನಾ ಓದಿ ಹೇಳುತ್ತಿದ್ದೆನಲ್ಲ, ಏನೇನು ಹೇಳಿದ್ದೆ ಎಂದು ಅಂಗಲಾಚಿದರಂತೆ. ಅವಳಿಗೆ ನೆನಪಿದ್ದದ್ದು ಒಲೆಯ ಮಾತು, ಮತ್ತೆ ಯಾವುದೋ ರೈಲಿನ ಮಾತು, ತಡವಾಗಿಯಾದರೂ ಬಂದನಲ್ಲ ಎಂಬಂಥದ್ದೇನೋ. ಅವಳು ಇನ್ನೊಂದನ್ನೂ ಹೇಳಿದಳಂತೆ: ಅಮ್ಮಾವ್ರು ಕೈ ಎತ್ತುತ್ತಿದ್ದುದು ನೀರಿನ ಲೋಟದ ಕಡೆಗಲ್ಲ ಸಾರ್, ನಿಮ್ಮ ಕೈ ಕಡೆಗೆ. ಇದನ್ನು ನನಗೆ ಹೇಳುವಾಗ ಅವರ ಧ್ವನಿಯಲ್ಲಿ ಏರಿಳಿತವೇ ಇರಲಿಲ್ಲ. ಆಮೇಲೆ ನನ್ನನ್ನು ಕೇಳಿದರು. ನಾನು ನೆನಪಿದ್ದ ಎರಡು ಪದ ಹೇಳಿದೆ.

"ಅದರ ಮುಂದೆ ಇನ್ನೇನೂ ಇರ್ಲಿಲ್ವಾ? ಸರಿಯಾಗಿ ಯೋಚ್ನೆ ಮಾಡಿ. ಇದ್ದಿರ್ಬಹುದು."

ಇರಲಿಲ್ಲ ಎಂದೆ. ಇದ್ದಿರಬಹುದು ಎಂದೇ ಅವರು ಮೆಟ್ಟಿಲಿಳಿದರು.

ಕೊನೆಯ ಸಲ ನಾನು ಆ ಕೋಣೆಗೆ ಹೋದಾಗ ಅವರು ಮೊದಲ ಮುದ್ರಣದ ಅಂಚಿನಲ್ಲಿ ತಮ್ಮ ಕೈಯಾರೆ ಬರೆಯುತ್ತಿದ್ದರು. ಪುಸ್ತಕವನ್ನು ಅಗಲಕ್ಕೆ ಬಿಡಿಸಿ, ಬೆನ್ನಿನ ಮೇಲೆ ಮೊಣಕೈ ಊರಿದ್ದರು. ಆಕೆಯ ಮಾತು ಎಲ್ಲಿತ್ತೋ ಅಲ್ಲೇ ವಾಪಸು ಇಡುವುದು ಅವರ ಉದ್ದೇಶ. ಆದರೆ ಯಾವ ಪುಸ್ತಕ, ಯಾವ ಪುಟ ಎಂಬುದು ಗೊತ್ತಿರಬೇಕಲ್ಲ? ಓದಿದ ಮನುಷ್ಯನಾಗಿದ್ದರೆ ಆ ಊಟದ ಪುಟ ಎಲ್ಲಿದೆಯೆಂದು ತಿಳಿಯುತ್ತಿತ್ತು. ಅಳಿಸುವಾಗ ಅಲ್ಲಲ್ಲಿ ಕಣ್ಣಾಡಿಸಿದ್ದು ಬಿಟ್ಟರೆ ಇವರಿಗೆ ಗೊತ್ತಿದ್ದದ್ದು ಮೊದಲ ನಾಲ್ಕು ಪುಟ. ಹಾಗಾಗಿ ಊಹೆಯ ಮೇಲೆ ಒಂದು ಪುಟದಲ್ಲಿ ಬರೆಯುವುದು, ಇಲ್ಲಿರಲಿಲ್ಲ ಎನಿಸಿ ಅಳಿಸುವುದು, ಇನ್ನೊಂದರಲ್ಲಿ ಬರೆಯುವುದು, ಅಕ್ಷರ ಇಷ್ಟು ದೊಡ್ಡದಿರಲಿಲ್ಲ ಎನಿಸಿ ಅದನ್ನೂ ಅಳಿಸುವುದು. ಬದುಕಿನಲ್ಲಿ ಎಂದೂ ಕಾಗದಕ್ಕೆ ಗಾಯ ಮಾಡದ ಮನುಷ್ಯ ನನ್ನ ಕಣ್ಣೆದುರಿಗೇ ಉಜ್ಜಿ ಉಜ್ಜಿ ಪುಟದ ಅಂಚಿನಲ್ಲಿ ತೂತು ಮಾಡಿದರು. ಆ ತೂತಿನಲ್ಲಿ ಮುಂದಿನ ಪುಟದ ಬಿಳುಪು ಕಾಣುತ್ತಿತ್ತು. ಅವರು ಅದರ ಮೇಲೆ ಬೆರಳಿಟ್ಟುಕೊಂಡು ಕೂತರು, ನಾನು ಎದ್ದುಬಂದೆ.

ಸಂಗ್ರಾಹಕರನ್ನು ಲೋಕ ಆಸೆಬುರುಕರೆಂದು ಕರೆಯುತ್ತದೆ. ನನಗೆ ಹಾಗನ್ನಿಸಿಲ್ಲ, ಅವರು ಹೆದರಿದ ಜನ. ಮುಟ್ಟಿದರೆ ಮಾಸೀತು, ತೆರೆದರೆ ಬಿರಿದೀತು, ಬಳಸಿದರೆ ಸವೆದೀತು ಎಂಬ ಭಯದಲ್ಲಿ ಕೈಗೆ ಬಂದದ್ದನ್ನೆಲ್ಲ ಯಾರ ಕೈಗೂ ಸಿಗದಂತೆ ಎತ್ತಿಡುತ್ತಾರೆ, ಹಾಗೆ ಎತ್ತಿಡುವುದನ್ನೇ ಪ್ರೀತಿ ಎಂದು ನಂಬುತ್ತಾರೆ. ಪುಸ್ತಕಕ್ಕೆ ಆ ಪ್ರೀತಿ ಸಲ್ಲುತ್ತದೆಯೋ ಏನೋ, ಅದು ಮಾತಾಡುವುದಿಲ್ಲ, ನೂರು ವರ್ಷ ಬೇಕಾದರೂ ಕಾಯುತ್ತದೆ. ಮನುಷ್ಯರು ಅಷ್ಟು ಕಾಯುವುದಿಲ್ಲ. ನಿವೃತ್ತಿಯಾಗಲಿ, ಪುರಸೊತ್ತಾಗಲಿ, ಒಂದು ದಿನ ಕೂತು ನಿಧಾನವಾಗಿ ಎಲ್ಲ ಕೇಳಿದರಾಯಿತು ಎಂದುಕೊಂಡು ಇವರು ಕೊನೆಗೂ ಕೈ ತೊಳೆದುಕೊಂಡು ಬಂದು ಕೂರುವಷ್ಟರಲ್ಲಿ, ಹೇಳಬೇಕಾದವರು ಎಲ್ಲವನ್ನೂ ಹೇಳಿ ಮುಗಿಸಿರುತ್ತಾರೆ.